ಎತ್ತರದ ವಾಹನ, ಗಿಡ್ಡ ಸವಾರ: ಹೊಂದಾಣಿಕೆಯ ಲೆಕ್ಕಾಚಾರ

ಜವಳಿ ಅಂಗಡಿಗೆ ಹೋದ ಗ್ರಾಹಕನಿಗೆ ಎದುರಾಗುವ ಮೊದಲ ಪ್ರಶ್ನೆ ಅಳತೆಯದು. ಪಾದರಕ್ಷೆಯ ವ್ಯಾಪಾರಿಯೂ ಅಳತೆ ಕೇಳದೆ ಪೆಟ್ಟಿಗೆ ತೆರೆಯುವುದಿಲ್ಲ. ಆದರೆ ಲಕ್ಷಾಂತರ ರೂಪಾಯಿ ಬೆಲೆಬಾಳುವ ಮೋಟಾರ್‌ಸೈಕಲ್ ಮಾತ್ರ ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ತಯಾರಾಗಿ ಬರುತ್ತದೆ. ಐದೂವರೆ ಅಡಿಯವನಿಗೂ ಆರು ಅಡಿಯವನಿಗೂ ಅದೇ ಸೀಟು, ಅದೇ ಹ್ಯಾಂಡಲ್, ಅದೇ ಸ್ಟ್ಯಾಂಡ್. ನಗರದೊಳಗೆ ಓಡಿಸುವ ಹಗುರವಾದ ವಾಹನದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಬಾಧಿಸದು. ಸುಮಾರು 290 ಕಿಲೋ ತೂಗುವ, ದೂರಪ್ರಯಾಣಕ್ಕೆಂದೇ ನಿರ್ಮಿಸಿದ 'ಸ್ಪೋರ್ಟ್ ಟೂರಿಂಗ್' ಮೋಟಾರ್‌ಸೈಕಲ್‌ನಲ್ಲಿ ಸವಾರನ ಕಾಲು ನೆಲಕ್ಕೆ ಎರಡು ಅಂಗುಲ ಎಟುಕದಿದ್ದರೆ, ಸಿಗ್ನಲ್ ಬಳಿ ನಿಲ್ಲುವ ಪ್ರತಿಯೊಂದು ಸಂದರ್ಭವೂ ಅಪಾಯದ ಕ್ಷಣವಾಗುತ್ತದೆ.

ಇಂತಹ ವಾಹನವನ್ನು ಕಡಿಮೆ ಎತ್ತರದ ಸವಾರನಿಗೆ ಹೊಂದಿಸಿಕೊಡುವ ಕೆಲಸವು ಪಾಶ್ಚಾತ್ಯ ದೇಶಗಳಲ್ಲಿ ಒಂದು ಪ್ರತ್ಯೇಕ ಉಪಕಸುಬಾಗಿ ಬೆಳೆದಿದೆ. ಸೀಟು ತಯಾರಕರು, ಯಂತ್ರಭಾಗಗಳನ್ನು ಕೊರೆಯುವ ಸಣ್ಣ ಘಟಕಗಳು, ಸಸ್ಪೆನ್ಷನ್ ತಜ್ಞರು ಇದರಲ್ಲಿ ತೊಡಗಿದ್ದಾರೆ. ನಮ್ಮಲ್ಲಿಯೂ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಯಂತ್ರಾಗಾರಗಳಿಗೆ, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಆದರೆ ಈ ಕೆಲಸದಲ್ಲಿ ಲಾಭವೂ ಹೊಣೆಯೂ ಎಲ್ಲಿ ಅಡಗಿವೆ ಎಂಬುದನ್ನು ಅರಿಯದೆ ಕೈಹಾಕಿದರೆ, ಮಾರಿದ ಲೋಹದ ತುಂಡಿಗಿಂತ ತೆರಬೇಕಾದ ದಂಡವೇ ದೊಡ್ಡದಾದೀತು.

ಈ ವರ್ಗದ ವಾಹನಗಳು

ವೇಗದ ಓಟದ ಯಂತ್ರ ಹಾಗೂ ದೂರಪ್ರಯಾಣದ ಸೌಕರ್ಯ, ಇವೆರಡನ್ನೂ ಒಂದೇ ವಾಹನದಲ್ಲಿ ಬೆಸೆಯುವ ಪ್ರಯತ್ನವೇ ಸ್ಪೋರ್ಟ್ ಟೂರಿಂಗ್ ವರ್ಗ. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯು 1976ರಲ್ಲಿ ಹೊರತಂದ ಆರ್ 100 ಆರ್‌ಎಸ್ ಮಾದರಿಯನ್ನು ಈ ವರ್ಗದ ಹಿರಿಯ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಗಾಳಿಯಿಂದ ಸವಾರನನ್ನು ರಕ್ಷಿಸುವ ಪೂರ್ಣ ಹೊದಿಕೆ ಅದರ ವೈಶಿಷ್ಟ್ಯ. 1986ರಲ್ಲಿ ಕವಾಸಾಕಿ ಕಾಂಕೋರ್ಸ್, 1990ರಲ್ಲಿ ಹೋಂಡಾ ಎಸ್‌ಟಿ 1100, 2001ರಲ್ಲಿ ಯಮಾಹಾ ಎಫ್‌ಜೆಆರ್ 1300, 2002ರಲ್ಲಿ ಹೋಂಡಾ ಎಸ್‌ಟಿ 1300 ಬಂದವು. ಇವುಗಳಲ್ಲಿ ಕೆಲವು ಈಗ ಹೊಸದಾಗಿ ತಯಾರಾಗುತ್ತಿಲ್ಲವಾದರೂ, ದೃಢವಾದ ಎಂಜಿನ್ ಹೊಂದಿರುವ ಕಾರಣ ಹಳೆಯ ವಾಹನಗಳು ಅಮೆರಿಕ, ಯೂರೋಪುಗಳಲ್ಲಿ ಇಂದಿಗೂ ಓಡಾಡುತ್ತಿವೆ. ಬಿಡಿಭಾಗ ತಯಾರಕನ ದೃಷ್ಟಿಯಿಂದ ಇದು ಗಮನಾರ್ಹ ಸಂಗತಿ. ಕಾರ್ಖಾನೆ ನಿಲ್ಲಿಸಿದ ಮಾದರಿಗೂ ಗಿರಾಕಿ ಉಳಿದಿರುತ್ತಾನೆ.

ಎಫ್‌ಜೆಆರ್ 1300 ವಾಹನವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 1298 ಸಿ.ಸಿ. ಎಂಜಿನ್, 25 ಲೀಟರಿನ ಪೆಟ್ರೋಲ್ ಟ್ಯಾಂಕ್, ಹಿಂಚಕ್ರಕ್ಕೆ ಸರಪಳಿಯ ಬದಲು ಶಾಫ್ಟ್ ಮೂಲಕ ಚಾಲನೆ. 2006ರ ಪರಿಷ್ಕೃತ ಮಾದರಿಯಿಂದ ಸೀಟನ್ನು 805 ಅಥವಾ 825 ಮಿ.ಮೀ. ಎತ್ತರದಲ್ಲಿ ಕೂರಿಸಬಹುದಾದ ಏರ್ಪಾಡು ಬಂದಿತು. ಹೋಂಡಾ ಎಸ್‌ಟಿ 1300 ವಾಹನದಲ್ಲಿ 775, 790, 805 ಮಿ.ಮೀ. ಎಂಬ ಮೂರು ಹಂತಗಳಿದ್ದವು. ಬಿಎಂಡಬ್ಲ್ಯು ಆರ್ 1250 ಆರ್‌ಟಿ ಮಾದರಿಗೆ 805/825 ಮಿ.ಮೀ. ಸಾಮಾನ್ಯ ಸೀಟಿನ ಜೊತೆಗೆ 760/780 ಮಿ.ಮೀ. ತಗ್ಗು ಸೀಟನ್ನೂ ಕಾರ್ಖಾನೆಯೇ ಒದಗಿಸಿತು. ಭಾರತದಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು 2023ರಲ್ಲಿ ಹೊರತಂದ ಹಿಮಾಲಯನ್ 450 ಬೇರೆ ವರ್ಗದ ವಾಹನವಾದರೂ, ಅದಕ್ಕೂ 825/845 ಮಿ.ಮೀ. ಸೀಟು ಹಾಗೂ ಪ್ರತ್ಯೇಕ ತಗ್ಗು ಸೀಟಿನ ಆಯ್ಕೆ ಇದೆ. ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬುದನ್ನು ದೊಡ್ಡ ತಯಾರಕರೂ ಒಪ್ಪಿಕೊಂಡಿದ್ದಾರೆ ಎನ್ನುವುದಕ್ಕೆ ಇವೇ ಸಾಕ್ಷಿ.

ದೇಹದ ಅಳತೆ, ವಾಹನದ ಅಳತೆ

ದೇಶದೇಶಗಳ ಜನರ ಎತ್ತರವನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ, 1996ರಲ್ಲಿ ಜನಿಸಿದ ಜರ್ಮನ್ ಪುರುಷರ ಸರಾಸರಿ ಎತ್ತರ ಸುಮಾರು 180 ಸೆಂ.ಮೀ., ಸ್ತ್ರೀಯರದು 166 ಸೆಂ.ಮೀ. ಅದೇ ವರ್ಷ ಜನಿಸಿದ ಭಾರತೀಯ ಪುರುಷರ ಸರಾಸರಿ ಸುಮಾರು 165 ಸೆಂ.ಮೀ., ಸ್ತ್ರೀಯರದು 153 ಸೆಂ.ಮೀ. ಅಂದರೆ ಜರ್ಮನಿಯ ಸರಾಸರಿ ಸ್ತ್ರೀಗೆ ಎತ್ತರವೆನಿಸುವ ವಾಹನ ಭಾರತದ ಸರಾಸರಿ ಪುರುಷನಿಗೂ ಎತ್ತರವೇ. ಅಮೆರಿಕದಲ್ಲಿ ಅಲ್ಲಿನ ಮೋಟಾರ್‌ಸೈಕಲ್ ಉದ್ಯಮ ಮಂಡಳಿಯ 2018ರ ಸಮೀಕ್ಷೆಯಂತೆ ಮೋಟಾರ್‌ಸೈಕಲ್ ಮಾಲೀಕರಲ್ಲಿ ಸ್ತ್ರೀಯರ ಪಾಲು ಶೇ. 19ಕ್ಕೆ ಏರಿತ್ತು. ಅದಕ್ಕೆ ಸುಮಾರು ಒಂದು ದಶಕದ ಹಿಂದೆ ಅದು ಶೇ. 10ರ ಆಸುಪಾಸಿನಲ್ಲಿತ್ತು. ಹೊಂದಾಣಿಕೆಯ ಬೇಡಿಕೆ ಏಕೆ ಬೆಳೆಯುತ್ತಿದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮನುಷ್ಯನ ಒಳಗಾಲಿನ ಉದ್ದ, ಅಂದರೆ ತೊಡೆಯ ಸಂದಿನಿಂದ ಹಿಮ್ಮಡಿಯವರೆಗಿನ ಅಳತೆ, ಸಾಮಾನ್ಯವಾಗಿ ಒಟ್ಟು ಎತ್ತರದ ಶೇ. 45ರಿಂದ 47ರಷ್ಟಿರುತ್ತದೆ. ಆ ಲೆಕ್ಕದಲ್ಲಿ 153 ಸೆಂ.ಮೀ. ಎತ್ತರದ ಸವಾರರ ಒಳಗಾಲು ಸುಮಾರು 700 ಮಿ.ಮೀ. ಸವಾರಿಯ ಬೂಟಿನ ಅಟ್ಟೆ 25 ಮಿ.ಮೀ. ಸೇರಿದರೆ 725 ಮಿ.ಮೀ. ಇತ್ತ 805 ಮಿ.ಮೀ. ಎತ್ತರದ ಸೀಟು ಸವಾರ ಕುಳಿತೊಡನೆ ಭಾರಕ್ಕೆ ಸುಮಾರು 25 ಮಿ.ಮೀ. ಕುಸಿದು 780 ಮಿ.ಮೀ.ಗೆ ಬರುತ್ತದೆ. ಅಲ್ಲಿಗೆ ಕೊರತೆ 55 ಮಿ.ಮೀ. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿಕೊಳ್ಳುವುದರಿಂದ ಕಾಲಿನ ಉದ್ದದಲ್ಲಿ ಇನ್ನಷ್ಟು ಭಾಗ ಸುತ್ತುಬಳಸಿಗೇ ವ್ಯಯವಾಗುತ್ತದೆ. ಅದನ್ನು 20 ಮಿ.ಮೀ. ಎಂದು ಹಿಡಿದರೆ ಒಟ್ಟು ಕೊರತೆ 75 ಮಿ.ಮೀ., ಅಂದರೆ ಮೂರು ಅಂಗುಲ.

ಆದರೆ ಎರಡೂ ಹಿಮ್ಮಡಿಗಳು ನೆಲಕ್ಕೆ ಪೂರ್ತಿ ತಾಕಲೇಬೇಕೆಂಬುದು ನಿಯಮವಲ್ಲ. ಪಾದದ ಮುಂಭಾಗ ದೃಢವಾಗಿ ನೆಲವನ್ನು ಒತ್ತಿದರೆ ಅನುಭವಿ ಸವಾರನಿಗೆ ಸಾಕಾಗುತ್ತದೆ. ಹಿಮ್ಮಡಿ 45 ಮಿ.ಮೀ. ಎತ್ತರದಲ್ಲಿ ಉಳಿದರೂ ನಿಭಾಯಿಸಬಹುದೆಂದರೆ, ನಿಜವಾಗಿ ತುಂಬಬೇಕಾದ ಕೊರತೆ ಕೇವಲ 30 ಮಿ.ಮೀ. ಇದನ್ನು ಒಂದೇ ಬಾಬಿನಿಂದ ತುಂಬಲು ಹೊರಡುವುದೇ ಈ ಕಸುಬಿನ ದೊಡ್ಡ ತಪ್ಪು. ಜಾಣ ವ್ಯಾಪಾರಿ ಆಯವ್ಯಯದ ಕೊರತೆಯನ್ನು ಹಲವು ಬಾಬುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸರಿದೂಗಿಸುವಂತೆ, ಇಲ್ಲಿಯೂ ಖರ್ಚಿಲ್ಲದ, ಅಪಾಯವಿಲ್ಲದ ಬಾಬುಗಳಿಂದ ಆರಂಭಿಸಿ ಮುಂದುವರಿಯಬೇಕು.

ಖರ್ಚಿಲ್ಲದ ಮೊದಲ ಹಂತ

ಸೀಟನ್ನು ಕಾರ್ಖಾನೆ ಕೊಟ್ಟಿರುವ ತಗ್ಗಿನ ಸ್ಥಾನಕ್ಕೆ ಇಳಿಸುವುದು ಮೊದಲ ಕೆಲಸ. ಹಳೆಯ ವಾಹನ ಕೊಂಡ ಎಷ್ಟೋ ಮಂದಿಗೆ ಇಂತಹ ಏರ್ಪಾಡು ಇರುವುದೇ ತಿಳಿದಿರುವುದಿಲ್ಲ. ಎರಡನೆಯದು ದಪ್ಪ ಅಟ್ಟೆಯ, ಜಾರದ ಸವಾರಿ ಬೂಟು. ಸಾಧಾರಣ ಷೂ ಬಿಟ್ಟು ಅಂತಹ ಬೂಟು ಧರಿಸಿದಾಗ ಸಿಗುವ 10–15 ಮಿ.ಮೀ. ವಾಹನದ ಒಂದು ತಿರುಪನ್ನೂ ಮುಟ್ಟದೆ ದೊರೆಯುವ ಲಾಭ.

ಮೂರನೆಯದು ಸವಾರಿಯ ಅಭ್ಯಾಸ. ವಾಹನ ನಿಲ್ಲುವ ಮುನ್ನವೇ ಸೀಟಿನ ಮೇಲೆ ಎಡಕ್ಕೆ ಸ್ವಲ್ಪ ಸರಿದು, ಎಡಗಾಲನ್ನು ಪೂರ್ತಿ ನೆಲಕ್ಕೂರಿ, ಬಲಗಾಲನ್ನು ಬ್ರೇಕಿನ ಮೇಲೆಯೇ ಇರಿಸಿಕೊಳ್ಳುವ ಕ್ರಮವನ್ನು ತರಬೇತುದಾರರು ಕಲಿಸುತ್ತಾರೆ. ನಿಲ್ಲುವ ಜಾಗದ ಇಳಿಜಾರನ್ನು ಮೊದಲೇ ನೋಡಿಕೊಳ್ಳುವುದು, ಮೂತಿ ತಗ್ಗಿಗೆ ಮುಖಮಾಡಿ ವಾಹನ ನಿಲ್ಲಿಸದಿರುವುದು, ಹಿಂದಕ್ಕೆ ತಳ್ಳುವಾಗ ಇಳಿದು ತಳ್ಳುವುದು, ಇವೆಲ್ಲ ಚಿಕ್ಕ ಸಂಗತಿಗಳಾದರೂ ಫಲ ದೊಡ್ಡದು. ಇನ್ನೊಂದು ಸಂಗತಿಯೂ ಉಂಟು. 25 ಲೀಟರ್ ಪೆಟ್ರೋಲ್ ಸುಮಾರು 18 ಕಿಲೋ ತೂಗುತ್ತದೆ, ಅದೂ ವಾಹನದ ಮೇಲ್ಭಾಗದಲ್ಲಿ. ಹೊಸ ವಾಹನಕ್ಕೆ ಹೊಂದಿಕೊಳ್ಳುವವರೆಗೆ ಅರ್ಧ ಟ್ಯಾಂಕ್‌ನಲ್ಲಿ ಓಡಿಸಿದರೆ ಸಮತೋಲ ಸುಲಭವಾಗುತ್ತದೆ.

ಸೀಟು: ಹೆಚ್ಚು ಫಲ, ಕಡಿಮೆ ಹೊಣೆ

ಎರಡನೆಯ ಹಂತ ಸೀಟಿನದು. ಮೇಲಿನಿಂದ ಸ್ಪಂಜನ್ನು ಕತ್ತರಿಸಿ ಎತ್ತರ ತಗ್ಗಿಸುವುದಷ್ಟೇ ಕೆಲಸವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಮುಂಭಾಗದ ಎರಡೂ ಬದಿಗಳನ್ನು ಒಳಕ್ಕೆ ತಾಸಿ ಕಿರಿದುಗೊಳಿಸುವುದರಿಂದ ಸಿಗುವ ಲಾಭ ಎತ್ತರ ತಗ್ಗಿಸಿದ್ದಕ್ಕಿಂತ ಕಡಿಮೆಯದಲ್ಲ. ತೊಡೆಗಳು ನೇರವಾಗಿ ಕೆಳಗಿಳಿಯುತ್ತವೆ, ಸುತ್ತುಬಳಸು ತಪ್ಪುತ್ತದೆ.

ಇಲ್ಲಿ ಕುಶಲತೆ ಬೇಕಾದದ್ದು ಸ್ಪಂಜಿನ ಆಯ್ಕೆಯಲ್ಲಿ. ಮೂಲ ಸ್ಪಂಜಿನಿಂದ 30 ಮಿ.ಮೀ. ತೆಗೆದು ಅದರ ಮೇಲೆಯೇ ರೆಕ್ಸಿನ್ ಹೊದಿಸಿದರೆ, ನೂರು ಕಿಲೋಮೀಟರು ಕಳೆಯುವಷ್ಟರಲ್ಲಿ ಸವಾರನಿಗೆ ಅಡಿಯ ಪ್ಲಾಸ್ಟಿಕ್ ತಟ್ಟೆಯ ಗಡಸು ತಾಕತೊಡಗುತ್ತದೆ. ದಿನಕ್ಕೆ 500 ಕಿಲೋಮೀಟರು ಕ್ರಮಿಸಲೆಂದೇ ಕೊಂಡ ವಾಹನದಲ್ಲಿ ಇದು ಉದ್ದೇಶಕ್ಕೇ ಕೊಡಲಿಪೆಟ್ಟು. ಆದ್ದರಿಂದ ತೆಗೆದ ಭಾಗಕ್ಕೆ ಬದಲಾಗಿ ತೆಳುವಾದರೂ ಹೆಚ್ಚು ಸಾಂದ್ರತೆಯ ಪಾಲಿಯುರಿಥೇನ್ ಸ್ಪಂಜನ್ನು ಅಂಟಿಸಬೇಕು. ಸೀಟು ಮುಂದಕ್ಕೆ ಇಳಿಜಾರಾಗದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಬ್ರೇಕ್ ಹಾಕಿದಾಗಲೆಲ್ಲ ಸವಾರ ಟ್ಯಾಂಕಿಗೆ ಜಾರುತ್ತಾನೆ. ಹೊಲಿಗೆಯ ಸಾಲು ಕೂರುವ ಜಾಗದಲ್ಲಿ ಬಾರದಂತೆ, ಬಂದರೂ ಮಳೆನೀರು ಒಳಗಿಳಿಯದಂತೆ ಮುಚ್ಚಬೇಕು. ಬಿಸಿ ಮಾಡುವ ತಂತಿಗಳಿರುವ ಸೀಟುಗಳಲ್ಲಿ ಅವುಗಳನ್ನು ತುಂಡರಿಸದೆ ಬಿಡಿಸಿ ಮರಳಿ ಕೂರಿಸಬೇಕು.

ಸೀಟಿನ ಕೆಲಸದ ವಿಶೇಷ ಅನುಕೂಲವೆಂದರೆ ವಾಹನದ ಜ್ಯಾಮಿತಿ ಬದಲಾಗುವುದಿಲ್ಲ. ಮೂಲ ಸೀಟನ್ನು ಎತ್ತಿಟ್ಟುಕೊಂಡರೆ ಮಾರಾಟದ ವೇಳೆ ಹಿಂದಿನ ಸ್ಥಿತಿಗೆ ತರಲೂಬಹುದು. ಅಮೆರಿಕದ ಕಾರ್ಬಿನ್, ಸಾರ್ಜೆಂಟ್ ಮೊದಲಾದ ಸಂಸ್ಥೆಗಳು ಸೀಟನ್ನೇ ನಂಬಿ ಹೆಸರು ಗಳಿಸಿರುವುದು ಆಕಸ್ಮಿಕವಲ್ಲ.

ಕೈಗೂ ಅಳತೆ ಉಂಟು

ಕಾಲಿನ ಚರ್ಚೆಯಲ್ಲಿ ಕೈಯನ್ನು ಮರೆಯುವುದು ಸಾಮಾನ್ಯ. ಕಡಿಮೆ ಎತ್ತರದ ಸವಾರರ ತೋಳೂ ಚಿಕ್ಕದು, ಬೆರಳೂ ಚಿಕ್ಕವು. ಹ್ಯಾಂಡಲ್ ದೂರವಿದ್ದರೆ ಸವಾರ ಮುಂದಕ್ಕೆ ಬಾಗಿ, ಸೀಟಿನ ಕಿರಿದಾದ ಭಾಗದಲ್ಲಿ ಕೂರಲಾಗದೆ, ಪೂರ್ತಿ ತಿರುವಿನಲ್ಲಿ ಹೊರಬದಿಯ ಹಿಡಿ ಕೈಗೆ ಎಟುಕದೆ ವಾಹನ ಬೀಳಿಸುವುದುಂಟು. ಎಫ್‌ಜೆಆರ್ 1300 ವಾಹನದ 2006ರ ನಂತರದ ಮಾದರಿಯಲ್ಲಿ ಹ್ಯಾಂಡಲನ್ನು ಮೂರು ಸ್ಥಾನಗಳಲ್ಲಿ ಕೂರಿಸಬಹುದು. ಇಂತಹ ಏರ್ಪಾಡಿಲ್ಲದ ವಾಹನಗಳಿಗೆ ಹ್ಯಾಂಡಲನ್ನು ಮೇಲಕ್ಕೂ ಹಿಂದಕ್ಕೂ ತರುವ ಅಲ್ಯೂಮಿನಿಯಂ ಅಡಿಗಟ್ಟುಗಳನ್ನು ಅಳವಡಿಸುತ್ತಾರೆ. ಅಳವಡಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಕೊಳವೆ, ಕ್ಲಚ್ ಕೊಳವೆ, ವಿದ್ಯುತ್ ತಂತಿಗಳು ಬಿಗಿಯಾಗುವುದಿಲ್ಲವೆಂದು ಪರೀಕ್ಷಿಸತಕ್ಕದ್ದು. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ಬೆರಳಿಗೆ ಹತ್ತಿರ ತರುವ ಸಣ್ಣ ತಿರುಗುಬಿಲ್ಲೆ ಅನೇಕ ವಾಹನಗಳಲ್ಲಿ ಮೊದಲೇ ಇರುತ್ತದೆ. ಅದನ್ನು ಸರಿಹೊಂದಿಸಲು ಅರ್ಧ ನಿಮಿಷ ಸಾಕು.

ಸಸ್ಪೆನ್ಷನ್: ಎಚ್ಚರಿಕೆಯ ಹಂತ

ಇಷ್ಟೆಲ್ಲ ಆದಮೇಲೂ ಕೊರತೆ ಉಳಿದರೆ ಮಾತ್ರ ಸಸ್ಪೆನ್ಷನ್ ಕಡೆ ನೋಡಬೇಕು. ಇಲ್ಲಿಯೂ ಮೊದಲು ಪರಿಶೀಲಿಸಬೇಕಾದದ್ದು ಸ್ಪ್ರಿಂಗ್. ಸವಾರ ಕುಳಿತಾಗ ಚಕ್ರದ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗದಷ್ಟು ಸಸ್ಪೆನ್ಷನ್ ಕುಸಿದಿರಬೇಕೆಂಬುದು ರೂಢಿಯ ಲೆಕ್ಕ. ಎಫ್‌ಜೆಆರ್ 1300 ವಾಹನದ ಹಿಂಚಕ್ರದ ಚಲನೆ 125 ಮಿ.ಮೀ.; ಅದರಂತೆ ಕುಸಿತ ಸುಮಾರು 40 ಮಿ.ಮೀ. ಇರಬೇಕು. 55 ಕಿಲೋ ತೂಕದ ಸವಾರರು ಕುಳಿತರೆ, ಹೆಚ್ಚು ತೂಕದವರನ್ನು ಗಮನದಲ್ಲಿಟ್ಟು ಅಳವಡಿಸಿದ ಸ್ಪ್ರಿಂಗ್ ಅಷ್ಟು ಕುಸಿಯುವುದೇ ಇಲ್ಲ. ಅಂತಹವರಿಗೆ ಸ್ಪ್ರಿಂಗಿನ ಮುಂಗಡ ಒತ್ತಡವನ್ನು ತಗ್ಗಿಸುವುದು, ಅಥವಾ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕುವುದು ನ್ಯಾಯವಾದ ಮಾರ್ಗ. ವಾಹನ 5–10 ಮಿ.ಮೀ. ತಗ್ಗುವುದಲ್ಲದೆ ಓಟವೂ ಮೃದುವಾಗುತ್ತದೆ. ಆದರೆ ಹಿಂಬದಿಯ ಪೆಟ್ಟಿಗೆಗಳಲ್ಲಿ ಸಾಮಾನು ತುಂಬಿದಾಗ ಅಥವಾ ಜೊತೆ ಸವಾರರು ಕುಳಿತಾಗ ಒತ್ತಡವನ್ನು ಮತ್ತೆ ಏರಿಸಲೇಬೇಕು.

ಮೇಲಿನ ಉದಾಹರಣೆಯಲ್ಲಿ ಸೀಟಿನಿಂದ 20–25 ಮಿ.ಮೀ., ಸ್ಪ್ರಿಂಗಿನಿಂದ 5–10 ಮಿ.ಮೀ. ದೊರೆತರೆ 30 ಮಿ.ಮೀ. ಕೊರತೆ ತುಂಬಿಬಂದಂತೆಯೇ. ಬಹಳಷ್ಟು ಸವಾರರ ಸಮಸ್ಯೆ ಇಲ್ಲಿಗೇ ಬಗೆಹರಿಯುತ್ತದೆ. ಉಳಿದವರಿಗೆ ಬೇಕಾಗುವುದೇ 'ಲೋಯರಿಂಗ್ ಲಿಂಕ್'. ಹಿಂಬದಿಯ ಶಾಕ್ ಅಬ್ಸಾರ್ಬರನ್ನು ಸ್ವಿಂಗ್ ಆರ್ಮ್‌ಗೆ ಜೋಡಿಸುವ ಜೋಡಿ ಕೊಂಡಿಗಳನ್ನು ತೆಗೆದು, ಅನೇಕ ವಾಹನಗಳಲ್ಲಿ ಅವುಗಳಿಗಿಂತ ಕೆಲವೇ ಮಿಲಿಮೀಟರ್ ಉದ್ದವಾದ ಕೊಂಡಿಗಳನ್ನು ಹಾಕಿದರೆ ಹಿಂಭಾಗ ಅದರ ಹಲವು ಪಟ್ಟು ಇಳಿಯುತ್ತದೆ. ಅಗ್ಗ, ಸುಲಭ, ತಕ್ಷಣದ ಫಲ. ಆದ್ದರಿಂದಲೇ ಇದು ಹೆಚ್ಚು ಮಾರಾಟವಾಗುವ ವಸ್ತು, ಹೆಚ್ಚು ತೊಂದರೆ ತರುವ ವಸ್ತುವೂ ಹೌದು.

ಹಿಂಭಾಗವನ್ನು ಮಾತ್ರ 25 ಮಿ.ಮೀ. ಇಳಿಸಿದರೆ ಏನಾಗುತ್ತದೆ? ಎಫ್‌ಜೆಆರ್ 1300 ವಾಹನದ ಎರಡು ಚಕ್ರಗಳ ನಡುವಿನ ಅಂತರ 1545 ಮಿ.ಮೀ. ಸರಳ ತ್ರಿಕೋನಮಿತಿಯಂತೆ ಇಡೀ ವಾಹನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮುಂಫೋರ್ಕಿನ ಓರೆ 26 ಡಿಗ್ರಿಯಿಂದ ಸುಮಾರು 27ಕ್ಕೆ ಏರುತ್ತದೆ. 109 ಮಿ.ಮೀ. ಇದ್ದ 'ಟ್ರೇಲ್', ಅಂದರೆ ಹ್ಯಾಂಡಲಿನ ಅಕ್ಷರೇಖೆ ನೆಲ ಮುಟ್ಟುವ ಬಿಂದುವಿಗೂ ಟೈರು ನೆಲ ಮುಟ್ಟುವ ಬಿಂದುವಿಗೂ ಇರುವ ಅಂತರ, ಸುಮಾರು 6 ಮಿ.ಮೀ. ಹೆಚ್ಚುತ್ತದೆ. ವಾಹನ ತಿರುವಿಗೆ ಬಾಗಲು ಹಿಂಜರಿಯುತ್ತದೆ. ಅದೇ ಒಂದು ಡಿಗ್ರಿಯ ಕಾರಣ ಹೆಡ್‌ಲೈಟಿನ ಬೆಳಕು 50 ಮೀಟರ್ ದೂರದಲ್ಲಿ ಸುಮಾರು 80 ಸೆಂ.ಮೀ. ಮೇಲಕ್ಕೆ ಹೋಗಿ ಎದುರಿನವರ ಕಣ್ಣು ಕುಕ್ಕುತ್ತದೆ.

ಆದ್ದರಿಂದ ಹಿಂಭಾಗ ಇಳಿಸಿದಷ್ಟೇ ಮುಂಭಾಗವನ್ನೂ ಇಳಿಸಬೇಕು. ಹ್ಯಾಂಡಲಿನ ಹಿಡಿಕಟ್ಟುಗಳಲ್ಲಿ ಫೋರ್ಕಿನ ಕೊಳವೆಗಳನ್ನು ಮೇಲಕ್ಕೆ ಸರಿಸಿ ಬಿಗಿಯುವುದರಿಂದ ಇದು ಸಾಧ್ಯ. ಎಷ್ಟು ಸರಿಸಬಹುದೆಂಬುದಕ್ಕೆ ಪ್ರತಿ ಮಾದರಿಗೂ ಮಿತಿಯಿದೆ. ಫೋರ್ಕ್ ಪೂರ್ತಿ ಕುಸಿದಾಗ ಮುಂದಿನ ಮಡ್‌ಗಾರ್ಡ್ ರೇಡಿಯೇಟರಿಗೋ ಹೊದಿಕೆಗೋ ತಾಕಬಾರದು. ಹಿಂದೆಯೂ ಅಂತೆಯೇ, ಟೈರು ಒಳಮಡ್‌ಗಾರ್ಡಿಗೆ ಉಜ್ಜಬಾರದು. ಎರಡೂ ಕಡೆ ಸರಿಯಾಗಿ ಇಳಿಸಿದ ಮೇಲೂ ನೆಲದಿಂದಿರುವ ಅಂತರ ಕಡಿಮೆಯಾಗುವುದು ತಪ್ಪದು. 25 ಮಿ.ಮೀ. ಇಳಿಸಿದ ವಾಹನ ತಿರುವಿನಲ್ಲಿ ಮೊದಲಿಗಿಂತ ಸುಮಾರು ಎರಡು ಡಿಗ್ರಿ ಮುಂಚಿತವಾಗಿಯೇ ಕಾಲ್ತುಳಿಯನ್ನು ನೆಲಕ್ಕೆ ಉಜ್ಜುತ್ತದೆ. ನಮ್ಮ ರಸ್ತೆಯುಬ್ಬುಗಳ ವಿಷಯ ಹೇಳಬೇಕಾಗಿಯೇ ಇಲ್ಲ.

ಇನ್ನು ಸೈಡ್ ಸ್ಟ್ಯಾಂಡ್. ವಾಹನ ತಗ್ಗಿದರೂ ಸ್ಟ್ಯಾಂಡಿನ ಉದ್ದ ಹಾಗೆಯೇ ಉಳಿದರೆ ವಾಹನ ನೆಟ್ಟಗೆ ನಿಲ್ಲತೊಡಗುತ್ತದೆ. ಬಲವಾದ ಗಾಳಿಗೋ ಸ್ವಲ್ಪ ಇಳಿಜಾರಿಗೋ ಬಲಕ್ಕೆ ಉರುಳುತ್ತದೆ. ಕಾಲು ಎಟುಕಲೆಂದು ಮಾಡಿಸಿದ ಕೆಲಸ ನಿಂತ ವಾಹನವನ್ನೇ ಕೆಡವಿದಂತಾಗುತ್ತದೆ. ಆದ್ದರಿಂದ ಸ್ಟ್ಯಾಂಡನ್ನು ಅಳತೆಗೆ ತಕ್ಕಂತೆ ಕತ್ತರಿಸಿ ಬೆಸೆಯಬೇಕು, ಇಲ್ಲವೇ ಗಿಡ್ಡ ಸ್ಟ್ಯಾಂಡ್ ಹಾಕಬೇಕು. ಸ್ಟ್ಯಾಂಡ್ ಇಳಿಸಿದಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ಬೆಸುಗೆಯ ಬಿಸಿ ತಟ್ಟದಂತೆ ಸ್ಟ್ಯಾಂಡನ್ನು ಕಳಚಿಯೇ ಬೆಸೆಯುವುದು ಒಳಿತು. ಸೆಂಟರ್ ಸ್ಟ್ಯಾಂಡ್ ಇರುವ ವಾಹನವನ್ನು ಮೊದಲಿಗಿಂತ ಹೆಚ್ಚು ಎತ್ತರಕ್ಕೆ ಎತ್ತಬೇಕಾಗುವುದರಿಂದ, ಗಿಡ್ಡನೆಯ ಸವಾರನಿಗೆ ಆ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು.

ತಯಾರಕನ ಲೆಕ್ಕಪುಸ್ತಕ

ಲಿಂಕ್ ತಯಾರಿಕೆ ಮೇಲ್ನೋಟಕ್ಕೆ ಸರಳ. ಒಂದು ಪಟ್ಟಿ, ಎರಡು ರಂಧ್ರ. ಆದರೆ ಎಡ ಬಲ ಕೊಂಡಿಗಳ ರಂಧ್ರಕೇಂದ್ರಗಳ ನಡುವಿನ ಅಂತರ ಒಂದೇ ಇರಬೇಕು. ವ್ಯತ್ಯಾಸ ಬಂದರೆ ಜೋಡಣೆ ತಿರುಚಿಕೊಂಡು ಬೇರಿಂಗ್‌ಗಳು ಬೇಗ ಸವೆಯುತ್ತವೆ. ಜೋಡಿಯ ಎರಡೂ ಕೊಂಡಿಗಳನ್ನು ಒಟ್ಟಿಗೆ ಹಿಡಿದು ಒಂದೇ ಸೆಟ್ಟಿಂಗಿನಲ್ಲಿ ಕೊರೆಯುವುದು ಇದಕ್ಕೆ ಸರಳ ಪರಿಹಾರ. ಸವಾರ, ಸಾಮಾನು, ಗುಂಡಿಯ ಹೊಡೆತ ಎಲ್ಲದರ ಭಾರ ಈ ಕೊಂಡಿಯ ಮೇಲೆ ಬೀಳುವುದರಿಂದ, ಲೋಹದ ದರ್ಜೆಯ ಪ್ರಮಾಣಪತ್ರವಿಲ್ಲದ ಸರಕನ್ನು ಗುಜರಿಯಿಂದ ತಂದು ಬಳಸುವುದು ಸರ್ವಥಾ ಸಲ್ಲದು.

ವೆಚ್ಚದ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಒಂದು ಜೋಡಿ ಲಿಂಕಿನ ತಯಾರಿಕಾ ವೆಚ್ಚ ರೂ. 1,200, ತೆರಿಗೆ ಹೊರತಾದ ಮಾರಾಟ ಬೆಲೆ ರೂ. 2,000 ಇದ್ದರೆ ಜೋಡಿಗೆ ಉಳಿಯುವುದು ರೂ. 800. ಒಂದು ಮಾದರಿಗೆ ಬೇಕಾದ ಹಿಡಿತಪಟ್ಟಿ, ಅಂದರೆ ಫಿಕ್ಸ್‌ಚರ್, ಮತ್ತು ಪರೀಕ್ಷೆಗೆ ರೂ. 48,000 ತಗುಲಿದ್ದರೆ 60 ಜೋಡಿ ಮಾರಿದ ಮೇಲೆಯೇ ಬಂಡವಾಳ ಹಿಂತಿರುಗುತ್ತದೆ. ತಪ್ಪು ಅಳತೆಯಿಂದ ಒಂದು ಜೋಡಿ ಮರಳಿಬಂದು, ಸಾಗಣೆ, ಬದಲಿ ಬೇರಿಂಗ್, ಕೂಲಿ ಸೇರಿ ರೂ. 6,400 ವೆಚ್ಚವಾದರೆ ಎಂಟು ಜೋಡಿಗಳ ಲಾಭ ಒಮ್ಮೆಗೇ ಕರಗುತ್ತದೆ. ಆದ್ದರಿಂದ ಲಿಂಕನ್ನು ಬಿಡಿವಸ್ತುವಾಗಿ ಅಗ್ಗಕ್ಕೆ ಮಾರುವ ಪೈಪೋಟಿಗೆ ಇಳಿಯುವುದಕ್ಕಿಂತ, ಅಳತೆ, ಸೀಟು, ಸ್ಪ್ರಿಂಗ್, ಸ್ಟ್ಯಾಂಡ್, ಹೆಡ್‌ಲೈಟ್ ಎಲ್ಲವನ್ನೂ ಒಳಗೊಂಡ ಸಂಪೂರ್ಣ ಹೊಂದಾಣಿಕೆಯನ್ನು ಒಂದು ಸೇವೆಯಾಗಿ ನೀಡುವುದು ಲಾಭದಾಯಕ. ಒಂದೇ ಘಟಕಕ್ಕೆ ಎಲ್ಲವೂ ಸಾಧ್ಯವಾಗದಿದ್ದರೆ ಸೀಟಿನ ಕುಶಲಕರ್ಮಿ, ಯಂತ್ರಾಗಾರ, ಮೆಕ್ಯಾನಿಕ್ ಮೂವರೂ ಒಡಂಬಡಿಕೆ ಮಾಡಿಕೊಳ್ಳಬಹುದು.

ತೆರಿಗೆಯ ವಿಷಯದಲ್ಲಿ, 22 ಸೆಪ್ಟೆಂಬರ್ 2025ರಿಂದ 8714 ಶೀರ್ಷಿಕೆಯಡಿ ಬರುವ ಮೋಟಾರ್‌ಸೈಕಲ್ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅದೇ ದಿನದಿಂದ 350 ಸಿ.ಸಿ. ಮೀರಿದ ಮೋಟಾರ್‌ಸೈಕಲ್‌ಗಳ ಮೇಲಿನ ತೆರಿಗೆ ಶೇ. 40ಕ್ಕೆ ಏರಿದೆ. ಹೊಸ ವಾಹನ ದುಬಾರಿಯಾದಾಗ ಇರುವ ವಾಹನವನ್ನೇ ಹೊಂದಿಸಿಕೊಳ್ಳುವ ಒಲವು ಹೆಚ್ಚುವುದು ಸಹಜ. ಗ್ರಾಹಕನ ಸೀಟನ್ನೇ ತರಿಸಿ ಮರುರೂಪಿಸುವುದು ಸೇವೆಯ ಸ್ವರೂಪದ್ದು, ಹೊಸ ಸೀಟು ತಯಾರಿಸಿ ಮಾರುವುದು ಸರಕಿನ ಪೂರೈಕೆ. ಇವೆರಡನ್ನೂ ಬಿಲ್ಲಿನಲ್ಲಿ ಬೇರೆಬೇರೆಯಾಗಿ ತೋರಿಸುವ ಪದ್ಧತಿಯನ್ನು ಮೊದಲಿನಿಂದಲೇ ರೂಢಿಸಿಕೊಳ್ಳುವುದು ಕ್ಷೇಮ.

ಕಾನೂನಿನ ಗಡಿ

ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಇಲ್ಲವೇ ಎರಡೂ ವಿಧಿಸಬಹುದು. ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡದ ವಿಧಿಯೂ ಇದೆ. ಆದ್ದರಿಂದ ಸಸ್ಪೆನ್ಷನ್ ಮುಟ್ಟುವ ಕೆಲಸಕ್ಕೆ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು, ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸುವಂತೆ ಗ್ರಾಹಕನಿಗೆ ಸಲಹೆ ನೀಡುವುದು ಅಗತ್ಯ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಇನ್ನೊಂದು ಹೊಣೆಯನ್ನು ಸೇರಿಸಿದೆ. ಉತ್ಪನ್ನದ ತಯಾರಿಕೆ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆ ಹಾಗೂ ಎಚ್ಚರಿಕೆ ನೀಡದಿದ್ದರೂ ತಯಾರಕ ಪರಿಹಾರಕ್ಕೆ ಬಾಧ್ಯನಾಗುತ್ತಾನೆ. ಉತ್ಪನ್ನವನ್ನು ಮಾರ್ಪಡಿಸಿದ ಮಾರಾಟಗಾರನೂ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾಗಿದ್ದರೆ, ಹೊಣೆಯಿಂದ ತಪ್ಪಿಸಿಕೊಳ್ಳಲಾರ. 'ಲಿಂಕ್ ಮಾರಿದ್ದು ನಾನು, ಹಾಕಿದ್ದು ಬೇರೆಯವರು' ಎಂಬ ಸಮಜಾಯಿಷಿ ಎಲ್ಲ ಸಂದರ್ಭಗಳಲ್ಲೂ ನಡೆಯಲಾರದು. ಮುಂಭಾಗವನ್ನು ಎಷ್ಟು ಇಳಿಸಬೇಕು, ಸ್ಟ್ಯಾಂಡನ್ನು ಎಷ್ಟು ಕಿರಿದುಗೊಳಿಸಬೇಕು, ಹೆಡ್‌ಲೈಟ್ ಹೇಗೆ ಸರಿಪಡಿಸಬೇಕು ಎಂಬ ಒಂದು ಪುಟದ ಸೂಚನೆಯನ್ನು ಕನ್ನಡ ಮತ್ತು ಇಂಗ್ಲಿಷ್‌ಗಳಲ್ಲಿ ಪೆಟ್ಟಿಗೆಯೊಳಗೆ ಇಡಲು ತಗುಲುವ ಖರ್ಚು ಎರಡು ರೂಪಾಯಿಯನ್ನೂ ಮೀರದು.

ಅಳತೆಯ ಚೀಟಿ

ಈ ಕಸುಬಿಗೆ ಇಳಿಯಬಯಸುವವರು ಪ್ರತಿ ಗ್ರಾಹಕನಿಗೂ ಒಂದು ಅಳತೆಚೀಟಿ ಬರೆದಿಡುವುದು ಉಚಿತ. ಬೂಟು ಸಹಿತ ಒಳಗಾಲಿನ ಉದ್ದ, ಸವಾರನ ತೂಕ, ಕೆಲಸಕ್ಕೆ ಮೊದಲು ಮತ್ತು ನಂತರ ಮುಂದೆ ಹಿಂದೆ ಸಸ್ಪೆನ್ಷನ್ ಕುಸಿತ, ಸೀಟಿನ ಎತ್ತರ ಹಾಗೂ ಮುಂಭಾಗದ ಅಗಲ, ಲಿಂಕಿನ ಅಳತೆ, ಫೋರ್ಕ್ ಸರಿಸಿದ ಪ್ರಮಾಣ, ಬೋಲ್ಟ್‌ಗಳನ್ನು ಬಿಗಿದ ಬಲ, ಸ್ಟ್ಯಾಂಡಿನ ಉದ್ದ, ಹೆಡ್‌ಲೈಟ್ ಪರೀಕ್ಷೆ ಇವಿಷ್ಟನ್ನು ದಾಖಲಿಸಿ ಎರಡು ಪ್ರತಿಗಳಲ್ಲಿ ಸಹಿ ಪಡೆಯಬೇಕು. 500 ಕಿಲೋಮೀಟರ್ ಓಡಿದ ಮೇಲೆ ವಾಹನವನ್ನು ಮರಳಿ ತರಿಸಿ ಬೋಲ್ಟ್‌ಗಳನ್ನು ಪರಿಶೀಲಿಸಬೇಕು. ವಿವಾದ ಎದ್ದರೆ ಈ ಚೀಟಿಯೇ ರಕ್ಷಾಕವಚ. ಅದೇ ಮಾದರಿಯ ಮುಂದಿನ ಗ್ರಾಹಕ ಬಂದಾಗ ಅದೇ ಬೆಲೆಬಾಳುವ ಮಾಹಿತಿಯ ಕಣಜ.

ಗ್ರಾಹಕ ಬಂದು 'ಎರಡು ಅಂಗುಲ ಇಳಿಸಿಕೊಡಿ' ಎಂದು ಕೇಳುವುದು ಸಹಜ. ಅವನಿಗೆ ಬೇಕಾಗಿರುವುದು ಎರಡು ಅಂಗುಲವೋ, ಹದವಾದ ಸೀಟೋ, ತೂಕಕ್ಕೆ ತಕ್ಕ ಸ್ಪ್ರಿಂಗೋ ಎಂಬುದನ್ನು ಅಳೆದು ನಿರ್ಧರಿಸಿ, ಅಗತ್ಯವಿಲ್ಲದ ಕಡೆ ಲಿಂಕ್ ಮಾರದೆ ಕಳುಹಿಸುವ ಘಟಕ ಆ ದಿನದ 800 ರೂಪಾಯಿ ಕಳೆದುಕೊಂಡೀತು. ಆದರೆ ಆ ಸವಾರ ಬೆಟ್ಟದ ತಿರುವಿನಲ್ಲಿಯೂ ಸಿಗ್ನಲ್ಲಿನಲ್ಲಿಯೂ ನಿಶ್ಚಿಂತೆಯಿಂದ ವಾಹನ ನಡೆಸಿ, ಮುಂದಿನ ವರ್ಷ ತನ್ನ ಎತ್ತರದ ಇನ್ನೂ ನಾಲ್ವರನ್ನು ಅದೇ ಬಾಗಿಲಿಗೆ ಕರೆತರುವ ಸಾಧ್ಯತೆಯೇ ಹೆಚ್ಚು.